ಆರೋಗ್ಯ ವಿಮೆ: ಪ್ರೀಮಿಯಂ ಲೆಕ್ಕದ ಆಚೆಗೆ, ಚಿಕಿತ್ಸೆಯ ಗುಣಮಟ್ಟವನ್ನು ಹೋಲಿಸುವ ಬಗೆ

ಎರಡು ಮೂರು ವಿಮಾ ಯೋಜನೆಗಳ ಕಾಗದಗಳನ್ನು ಮುಂದಿಟ್ಟುಕೊಂಡು ಯಾವುದನ್ನು ಆರಿಸಲಿ ಎಂದು ಕೇಳುವವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ‘ಯಾವ ಕಾಯಿಲೆಗೆ?’ ಈ ಪ್ರಶ್ನೆಯನ್ನು ನಿರೀಕ್ಷಿಸಿ ಬಂದವರು ಕಡಿಮೆ. ವರ್ಷಕ್ಕೆ ಪ್ರೀಮಿಯಂ ಎಷ್ಟು, ವಿಮೆಯ ಮೊತ್ತ ಎಷ್ಟು, ಪಟ್ಟಿಯಲ್ಲಿರುವ ಆಸ್ಪತ್ರೆಗಳು ಎಷ್ಟು ಎಂಬ ಮೂರು ಅಂಕಿಗಳನ್ನು ಅವರು ಆಗಲೇ ಅಕ್ಕಪಕ್ಕ ಬರೆದುಕೊಂಡಿರುತ್ತಾರೆ. ಮೂರೂ ಬೇಕಾದ ಅಂಕಿಗಳೇ. ಆದರೆ ಅವು ಹಣದ ಲೆಕ್ಕವನ್ನು ಹೇಳುತ್ತವೆಯೇ ಹೊರತು, ಹಾಸಿಗೆ ಹಿಡಿದ ದಿನ ಆ ಯೋಜನೆಯ ಮೂಲಕ ಸಿಗುವ ಚಿಕಿತ್ಸೆ ಎಂಥದ್ದು ಎಂಬುದನ್ನು ಹೇಳುವುದಿಲ್ಲ.

ಚಿಕಿತ್ಸೆ ಕೊಡುವವರು ವೈದ್ಯರು, ವಿಮಾ ಕಂಪನಿ ಹಣ ಕೊಡುತ್ತದೆ ಅಷ್ಟೆ, ಹಾಗಿರುವಾಗ ಚಿಕಿತ್ಸೆಯ ಗುಣಮಟ್ಟಕ್ಕೂ ವಿಮೆಗೂ ಏನು ಸಂಬಂಧ ಎಂದು ಕೇಳುವುದು ಸಹಜ. ಸಂಬಂಧ ಹತ್ತಿರದ್ದೇ ಇದೆ. ಯಾವ ವೈದ್ಯರನ್ನು ಕಾಣಬಹುದು, ಅವರನ್ನು ಕಾಣುವ ಮೊದಲು ಯಾರ ಅನುಮತಿ ಬೇಕು, ಬರೆದುಕೊಟ್ಟ ಔಷಧ ಪಟ್ಟಿಯಲ್ಲಿದೆಯೇ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬರಲು ಎಷ್ಟು ದಿನ ಬೇಕು, ಮನೆಗೆ ಬಂದ ಮೇಲಿನ ಫಿಸಿಯೋಥೆರಪಿಗೆ ಹಣ ಸಿಗುತ್ತದೆಯೇ ಎಂಬ ಎಲ್ಲ ತೀರ್ಮಾನಗಳಲ್ಲೂ ಯೋಜನೆಯ ಕೈ ಇರುತ್ತದೆ. ಒಳ್ಳೆಯ ವೈದ್ಯರು ಊರು ತುಂಬ ಇದ್ದರೂ ಅವರ ಬಳಿಗೆ ಹೋಗುವ ದಾರಿಯನ್ನು ಹಾಕಿಕೊಡುವುದು ಅಥವಾ ಮುಚ್ಚುವುದು ಯೋಜನೆಯ ನಿಯಮಗಳು. ಆದ್ದರಿಂದ ಯೋಜನೆಗಳನ್ನು ಹೋಲಿಸುವುದೆಂದರೆ ಆ ದಾರಿಗಳನ್ನು ಹೋಲಿಸುವುದು ಎಂದೇ ನಾನು ತಿಳಿದಿದ್ದೇನೆ.

ಮೊದಲು ಅಳತೆಗೋಲುಗಳು

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಬಗೆಗೆ ಇಂದಿಗೂ ಬಳಕೆಯಲ್ಲಿರುವ ಚೌಕಟ್ಟನ್ನು ಹಾಕಿಕೊಟ್ಟವರು ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್. 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದೆಂದರು: ಸೇವೆಗೆ ಬೇಕಾದ ಜನ ಮತ್ತು ಸಲಕರಣೆ ಇವೆಯೇ ಎಂಬ ವ್ಯವಸ್ಥೆಯ ನೋಟ, ಮಾಡಬೇಕಾದ್ದನ್ನು ಮಾಡಿದರೇ ಎಂಬ ಪ್ರಕ್ರಿಯೆಯ ನೋಟ, ಕೊನೆಗೆ ರೋಗಿಗೆ ಏನಾಯಿತು ಎಂಬ ಫಲಿತಾಂಶದ ನೋಟ. ವಿಮಾ ಯೋಜನೆಗಳ ಜಾಹೀರಾತುಗಳು ಹೆಚ್ಚಾಗಿ ಮೊದಲನೆಯದರಲ್ಲೇ ನಿಲ್ಲುತ್ತವೆ. ಆಸ್ಪತ್ರೆಗಳ ಸಂಖ್ಯೆ ವ್ಯವಸ್ಥೆಯ ಅಂಕಿ. ಅದನ್ನು ಗುಣಮಟ್ಟ ಎಂದುಕೊಳ್ಳುವುದು, ಅಡುಗೆಮನೆಯ ಪಾತ್ರೆಗಳನ್ನು ಎಣಿಸಿ ಊಟದ ರುಚಿ ಹೇಳಿದ ಹಾಗೆ.

ನಾನು ಮೊದಲು ನೋಡುವುದು ನೆಟ್‌ವರ್ಕಿನ, ಅಂದರೆ ಯೋಜನೆಯೊಂದಿಗೆ ಒಪ್ಪಂದವಿರುವ ಆಸ್ಪತ್ರೆ ಮತ್ತು ವೈದ್ಯರ ಪಟ್ಟಿಯ ಆಳ. ಅಗಲವಲ್ಲ, ಆಳ. ಪಟ್ಟಿಯಲ್ಲಿ ಸಾವಿರಾರು ಹೆಸರುಗಳಿದ್ದರೂ ನಿಮಗೆ ಬೇಕಾದ ತಜ್ಞರು ನೀವು ಹೋಗಬಹುದಾದ ದೂರದಲ್ಲಿ, ಹೊಸ ರೋಗಿಗಳನ್ನು ನೋಡುತ್ತ, ಸಕಾಲದಲ್ಲಿ ಸಿಗುತ್ತಾರೆಯೇ ಎಂಬುದೇ ಪ್ರಶ್ನೆ. ಒಮ್ಮೆ ನಮ್ಮ ಅತ್ತಿಗೆಗೆ ಹಾರ್ಮೋನು ತಜ್ಞರ ಅಗತ್ಯ ಬಿದ್ದಾಗ ಯೋಜನೆಯ ಪಟ್ಟಿಯಲ್ಲಿದ್ದ ಒಂಬತ್ತು ಹೆಸರುಗಳಿಗೂ ನಾನೇ ಕೂತು ಫೋನ್ ಮಾಡಿದೆ. ಇಬ್ಬರು ಆ ಆಸ್ಪತ್ರೆ ಬಿಟ್ಟು ಹೋಗಿದ್ದರು. ಒಂದು ನಂಬರು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದ್ದು. ಮೂವರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಉಳಿದ ಮೂವರಲ್ಲಿ ಸಿಕ್ಕ ಅತಿ ಹತ್ತಿರದ ದಿನಾಂಕವೂ ಐದು ವಾರಗಳ ಆಚೆಗಿತ್ತು. ಇದು ನಮಗೊಬ್ಬರಿಗೇ ಆದದ್ದಲ್ಲ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಅಡಿಯಲ್ಲಿ ಖಾಸಗಿ ಕಂಪನಿಗಳು ನಡೆಸುವ ಯೋಜನೆಗಳ ವೈದ್ಯರ ಪಟ್ಟಿಗಳನ್ನು ಅಲ್ಲಿನ ಸರ್ಕಾರಿ ಸಂಸ್ಥೆ 2016ರಿಂದ 2018ರ ನಡುವೆ ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ನಮೂದುಗಳಲ್ಲಿ ವಿಳಾಸ, ಫೋನ್ ಅಥವಾ ಹೊಸ ರೋಗಿಗಳ ವಿಚಾರದಲ್ಲಿ ಒಂದಾದರೂ ತಪ್ಪು ಕಂಡುಬಂತು. ಪಟ್ಟಿಯನ್ನು ನಂಬುವ ಮೊದಲು ಐದಾರು ಕರೆಗಳನ್ನು ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ. ಒಂದು ಮಧ್ಯಾಹ್ನದ ಕೆಲಸ ಅದು.

ದೊಡ್ಡ ಶಸ್ತ್ರಚಿಕಿತ್ಸೆಗಳ ವಿಚಾರದಲ್ಲಿ ಆಳ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಕೆಲವು ಕ್ಲಿಷ್ಟ ಶಸ್ತ್ರಚಿಕಿತ್ಸೆಗಳನ್ನು ವರ್ಷಕ್ಕೆ 200ಕ್ಕಿಂತ ಹೆಚ್ಚು ಬಾರಿ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇರುವುದನ್ನು 1979ರಲ್ಲಿ ಅಮೆರಿಕದ ಆರೋಗ್ಯ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಲುಫ್ಟ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಕೈ ಪಳಗಿದಷ್ಟೂ ಫಲಿತಾಂಶ ಸುಧಾರಿಸುತ್ತದೆ ಎಂಬುದನ್ನು ಆ ಬಳಿಕದ ಹಲವು ಅಧ್ಯಯನಗಳೂ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಕಂಡಿವೆ. ಹಾಗಾಗಿ ನಿಮಗೆ ಅಥವಾ ಮನೆಯವರಿಗೆ ಇಂಥದೊಂದು ಶಸ್ತ್ರಚಿಕಿತ್ಸೆ ಮುಂದೆ ಬೇಕಾಗಬಹುದು ಎಂಬ ಸೂಚನೆ ಇದ್ದರೆ, ಅದನ್ನು ಪದೇ ಪದೇ ಮಾಡುವ ಕೇಂದ್ರ ನೆಟ್‌ವರ್ಕಿನಲ್ಲಿದೆಯೇ ಎಂಬ ಒಂದೇ ವಿವರ, ಪಟ್ಟಿಯಲ್ಲಿರುವ ಉಳಿದ ಇನ್ನೂರು ಸಣ್ಣ ಆಸ್ಪತ್ರೆಗಳಿಗಿಂತ ತೂಕದ್ದು.

ಎರಡನೆಯ ಅಳತೆಗೋಲು, ದಿನನಿತ್ಯದ ಕಾಯಿಲೆಗಳನ್ನು ಯೋಜನೆ ಹೇಗೆ ನೋಡಿಕೊಳ್ಳುತ್ತದೆ ಎಂಬುದು. ಆಸ್ಪತ್ರೆ ಸೇರುವ ದಿನಗಳು ಬದುಕಿನಲ್ಲಿ ಕೆಲವೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸದಂಥವು ವರ್ಷದ 365 ದಿನವೂ ಇರುತ್ತವೆ, ಅವನ್ನು ಹಿಡಿತದಲ್ಲಿಡದೆ ಹೋದಾಗಲೇ ಆಸ್ಪತ್ರೆಯ ದಿನಗಳು ಹೆಚ್ಚುತ್ತವೆ. ಅಮೆರಿಕದಲ್ಲಿ 1990ರಲ್ಲಿ ಸ್ಥಾಪನೆಯಾದ ಎನ್‌ಸಿಕ್ಯೂಎ ಎಂಬ ಸಂಸ್ಥೆ ಹೆಡಿಸ್ ಎಂಬ ಅಳತೆಗಳ ಗುಚ್ಛದ ಮೂಲಕ ಯೋಜನೆಗಳನ್ನು ಹೋಲಿಸುತ್ತ ಬಂದಿದೆ. ಅಧಿಕ ರಕ್ತದೊತ್ತಡದ ಸದಸ್ಯರಲ್ಲಿ ಅದು 140/90ಕ್ಕಿಂತ ಕೆಳಗಿರುವವರು ಎಷ್ಟು ಮಂದಿ, ಸಕ್ಕರೆ ಕಾಯಿಲೆಯವರಲ್ಲಿ ಕಣ್ಣಿನ ಪರೀಕ್ಷೆ ಆದವರು ಎಷ್ಟು, ಮಕ್ಕಳ ಲಸಿಕೆ ಪೂರ್ಣವಾಗಿದೆಯೇ, ಸ್ತನ ಕ್ಯಾನ್ಸರ್ ತಪಾಸಣೆ ನಡೆದಿದೆಯೇ ಎಂಬಂಥ ಪ್ರಶ್ನೆಗಳಿಗೆ ಅಲ್ಲಿ ಶೇಕಡಾವಾರು ಉತ್ತರ ಸಿಗುತ್ತದೆ.

ಹೀಗೆ ಅಳೆದು ಬಯಲಿಗಿಡುವುದರಿಂದ ಆಗುವ ಪ್ರಯೋಜನಕ್ಕೆ ನನ್ನ ಮನಸ್ಸಿನಲ್ಲಿ ಉಳಿದಿರುವ ಉದಾಹರಣೆಗಳು ಎರಡು. ಹೃದಯಾಘಾತದ ನಂತರ ಬೀಟಾ ಬ್ಲಾಕರ್ ಔಷಧ ಕೊಡಲಾಗಿದೆಯೇ ಎಂಬ ಅಳತೆಯನ್ನು 1996ರಲ್ಲಿ ಹೆಡಿಸ್‌ಗೆ ಸೇರಿಸಿದಾಗ ಯೋಜನೆಗಳ ನಡುವೆ ಅಜಗಜಾಂತರ ವ್ಯತ್ಯಾಸವಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲ ಯೋಜನೆಗಳೂ ಶೇ 90ನ್ನು ದಾಟಿ, ಹೋಲಿಸಲು ಏನೂ ಉಳಿಯದ ಕಾರಣ 2007ರಲ್ಲಿ ಆ ಅಳತೆಯನ್ನೇ ಕೈಬಿಟ್ಟರು. ಇನ್ನೊಂದು, ವಿಮೆ, ಆಸ್ಪತ್ರೆ ಮತ್ತು ವೈದ್ಯರು ಒಂದೇ ಸೂರಿನಡಿ ಇರುವ ಕೈಸರ್ ಪರ್ಮನೆಂಟೆಯ ಉತ್ತರ ಕ್ಯಾಲಿಫೋರ್ನಿಯಾ ವಿಭಾಗದ್ದು. ಅಧಿಕ ರಕ್ತದೊತ್ತಡ ಇರುವ ಎಲ್ಲ ಸದಸ್ಯರ ದಾಖಲೆಯನ್ನು ಒಂದೆಡೆ ತಂದು, ಎಲ್ಲ ವೈದ್ಯರಿಗೂ ಒಂದೇ ಚಿಕಿತ್ಸಾ ಕ್ರಮವನ್ನು ಕೊಟ್ಟು, ರೀಡಿಂಗ್ ತೆಗೆಯಲಷ್ಟೇ ಬರುವವರಿಗೆ ಶುಲ್ಕವಿಲ್ಲದ ಭೇಟಿಗಳನ್ನು ಏರ್ಪಡಿಸಿದ ಅಲ್ಲಿ, ಒತ್ತಡ ಹಿಡಿತದಲ್ಲಿದ್ದವರ ಪ್ರಮಾಣ 2001ರ ಶೇ 43.6ರಿಂದ 2009ರಲ್ಲಿ ಶೇ 80.4ಕ್ಕೆ ಏರಿತು. ಔಷಧಗಳು ಬಹುಮಟ್ಟಿಗೆ ಎಲ್ಲ ಕಡೆ ಸಿಗುತ್ತಿದ್ದವುಗಳೇ. ಬದಲಾದದ್ದು ಯೋಜನೆಯ ನಡವಳಿಕೆ.

ಮೂರನೆಯದು ಅನುಮತಿ ಮತ್ತು ನಿರಾಕರಣೆ. ನನ್ನ ಅನುಭವದಲ್ಲಿ ಜನ ಅತ್ಯಂತ ಕಡಿಮೆ ವಿಚಾರಿಸುವ, ಆಮೇಲೆ ಅತ್ಯಂತ ಹೆಚ್ಚು ನೊಂದುಕೊಳ್ಳುವ ಸಂಗತಿ ಇದು. ಅಮ್ಮನ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೊರಡುವ ದಿನ ವೈದ್ಯರು ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಹಾಳೆಗೆ ಸಹಿ ಮಾಡಿದ್ದರು. ಮಧ್ಯಾಹ್ನ ಎರಡಕ್ಕೆ ವಿಮೆಯ ಕಡೆಯಿಂದ ಸ್ಕ್ಯಾನ್ ವರದಿ ಬೇಕೆಂಬ ಪ್ರಶ್ನೆ ಬಂತು. ಆ ವರದಿ ಮೊದಲ ದಿನವೇ ಕಳಿಸಿದ ಕಾಗದಗಳಲ್ಲಿತ್ತು, ಮತ್ತೆ ಕಳಿಸಿದರು. ಮನೆಯ ಸೀರೆ ಉಟ್ಟು, ಚೀಲ ಕಟ್ಟಿಟ್ಟು, ಹಾಸಿಗೆಯ ಅಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ ಅಮ್ಮ ಸಂಜೆ ಏಳೂವರೆಯವರೆಗೆ ಹಾಗೆಯೇ ಕೂರಬೇಕಾಯಿತು. ಹಣ ಪೂರ್ತಿ ಬಂತು, ಕ್ಲೇಮ್ ಇತ್ಯರ್ಥವಾಯಿತು. ಕಂಪನಿಯ ಲೆಕ್ಕದಲ್ಲಿ ಅದು ಯಶಸ್ಸು. ಆ ಒಂಬತ್ತೂವರೆ ಗಂಟೆ ಯಾವ ಶೇಕಡಾವಾರಿನಲ್ಲೂ ಕಾಣುವುದಿಲ್ಲ.

ಈ ಕಾಯುವಿಕೆಯೂ ಗುಣಮಟ್ಟದ ಭಾಗವೇ ಎಂಬುದನ್ನು ನಿಯಂತ್ರಕರು ಈಗೀಗ ಒಪ್ಪುತ್ತಿದ್ದಾರೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳ ಸುತ್ತೋಲೆಯಲ್ಲಿ, ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ) ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ತೀರ್ಮಾನ ಕೊಡಬೇಕೆಂದು ವಿಧಿಸಿತು. ನಿರಾಕರಣೆಯ ಬಗೆಗೆ ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಎರಡು ವರದಿಗಳು ಕಣ್ಣು ತೆರೆಸುವಂಥವು. 2018ರ ವರದಿಯ ಪ್ರಕಾರ, ಮೆಡಿಕೇರ್ ಅಡಿಯ ಖಾಸಗಿ ಯೋಜನೆಗಳು ಮೇಲ್ಮನವಿ ಬಂದಾಗ ತಮ್ಮದೇ ನಿರಾಕರಣೆಗಳ ಪೈಕಿ ಸುಮಾರು ಶೇ 75ರಷ್ಟನ್ನು ಹಿಂದಕ್ಕೆ ಪಡೆದಿದ್ದವು. ಆದರೆ ಮೇಲ್ಮನವಿ ಸಲ್ಲಿಸಿದ್ದು ಒಟ್ಟು ನಿರಾಕರಣೆಗಳ ಸುಮಾರು ಶೇ 1ರಷ್ಟರಲ್ಲಿ ಮಾತ್ರ. 2022ರ ವರದಿಯಲ್ಲಿ, ಪೂರ್ವಾನುಮತಿ ನಿರಾಕರಿಸಿದ ಪ್ರಕರಣಗಳಲ್ಲಿ ಶೇ 13ರಷ್ಟು ನಿಯಮದ ಪ್ರಕಾರ ಒಪ್ಪಬೇಕಾಗಿದ್ದವೇ ಆಗಿದ್ದವು. ಎಂದಮೇಲೆ ಯೋಜನೆಯನ್ನು ಹೋಲಿಸುವಾಗ ಕೇಳಬೇಕಾದ್ದು ‘ಕ್ಲೇಮ್ ಇತ್ಯರ್ಥ ಶೇಕಡಾ ಎಷ್ಟು’ ಎಂಬುದನ್ನಷ್ಟೇ ಅಲ್ಲ. ಯಾವ ಯಾವ ಚಿಕಿತ್ಸೆಗೆ ಪೂರ್ವಾನುಮತಿ ಬೇಕು, ತುರ್ತು ಸ್ಥಿತಿಯಲ್ಲಿ ಯಾವುದಕ್ಕೆ ಬೇಡ, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡುತ್ತಾರೆಯೇ, ಮೇಲ್ಮನವಿಯನ್ನು ವೈದ್ಯರೊಬ್ಬರು ಓದುತ್ತಾರೆಯೇ ಎಂಬುದನ್ನೂ ಕೇಳಬೇಕು.

ಕ್ಲೇಮ್ ಇತ್ಯರ್ಥದ ಶೇಕಡಾವಾರಿನ ಬಗ್ಗೆ ಇಲ್ಲೇ ಒಂದು ಮಾತು. ಅದನ್ನು ಕ್ಲೇಮುಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕಿದರೆ ನೂರು ಸಣ್ಣ ಕ್ಲೇಮುಗಳನ್ನು ಒಪ್ಪಿ ಐದು ದೊಡ್ಡ ಕ್ಲೇಮುಗಳನ್ನು ತಿರಸ್ಕರಿಸಿದ ಕಂಪನಿಯೂ ಶೇ 95ರ ಹೊಳಪಿನಲ್ಲಿ ಕಾಣುತ್ತದೆ. ಕೇಳಿದ ಮೊತ್ತಕ್ಕೆ ಪಾವತಿಯಾದ ಮೊತ್ತ ಎಷ್ಟು ಎಂಬ ಲೆಕ್ಕ ಸಿಕ್ಕರೆ ಅದು ಹೆಚ್ಚು ನಂಬಲರ್ಹ.

ನಾಲ್ಕನೆಯದು ಸದಸ್ಯರ ಅನುಭವ: ಬೇಕಾದಾಗ ವೈದ್ಯರು ಸಿಕ್ಕರೇ, ಹೇಳಿದ್ದನ್ನು ಕಿವಿಗೊಟ್ಟು ಕೇಳಿದರೇ, ಸಹಾಯವಾಣಿಯಿಂದ ಉತ್ತರ ಬಂತೇ. ಇದಕ್ಕಾಗಿ ಒಂದೇ ಬಗೆಯ ಪ್ರಶ್ನಾವಳಿಯಿಂದ ನಡೆಸುವ ಸಮೀಕ್ಷೆಗಳು ಕೆಲವು ದೇಶಗಳಲ್ಲಿವೆ, ದೂರುಗಳ ವಾರ್ಷಿಕ ಲೆಕ್ಕ ಇನ್ನೂ ಹಲವು ಕಡೆ ಪ್ರಕಟವಾಗುತ್ತದೆ. ದೂರುಗಳನ್ನು ಒಟ್ಟು ಸಂಖ್ಯೆಯಲ್ಲಿ ನೋಡಬಾರದು. ಹತ್ತು ಸಾವಿರ ಸದಸ್ಯರಿಗೆ ಎಷ್ಟು ಎಂದು ಭಾಗಿಸಿ ನೋಡದಿದ್ದರೆ ದೊಡ್ಡ ಕಂಪನಿಗೆ ಅನ್ಯಾಯ, ಸಣ್ಣದಕ್ಕೆ ವಿನಾಕಾರಣ ಹೊಗಳಿಕೆ.

ನಕ್ಷತ್ರಗಳನ್ನು ಎಷ್ಟು ನಂಬಬೇಕು

ಇಷ್ಟೆಲ್ಲ ವಿವರವನ್ನು ಒಂದು ಅಂಕಕ್ಕೆ ಇಳಿಸಿ ಕೊಟ್ಟರೆ ಅನುಕೂಲವಲ್ಲವೇ? ಅಮೆರಿಕದ ಮೆಡಿಕೇರ್ ಅದನ್ನೇ ಮಾಡುತ್ತದೆ. ಪ್ರತಿ ವರ್ಷ ಖಾಸಗಿ ಯೋಜನೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಪ್ರಕಟಿಸುತ್ತದೆ, ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ನಕ್ಷತ್ರ ಪಡೆದವುಗಳಿಗೆ ಹೆಚ್ಚುವರಿ ಹಣವೂ ಸಿಗುತ್ತದೆ. ಆದರೆ 2021ರಲ್ಲಿ ಪ್ರಕಟವಾದ, ಅರ್ಥಶಾಸ್ತ್ರಜ್ಞ ಜೇಸನ್ ಅಬಲಕ್ ಮತ್ತು ಸಹೋದ್ಯೋಗಿಗಳ ಅಧ್ಯಯನ ಇಲ್ಲೊಂದು ಗಂಭೀರ ಎಚ್ಚರಿಕೆ ಕೊಟ್ಟಿದೆ. ಒಂದೇ ಪ್ರದೇಶದ ಯೋಜನೆಗಳ ನಡುವೆಯೇ ಸದಸ್ಯರ ಸಾವಿನ ಪ್ರಮಾಣದಲ್ಲಿ ದೊಡ್ಡ ಅಂತರವಿದೆ, ಆ ಅಂತರಕ್ಕೆ ಯೋಜನೆಯೇ ಕಾರಣವಾಗಿರುತ್ತದೆ, ಚಿಕಿತ್ಸೆಗೆ ಹೆಚ್ಚು ಖರ್ಚು ಮಾಡುವ ಯೋಜನೆಗಳಲ್ಲಿ ಸಾವು ಕಡಿಮೆ, ಆದರೆ ಯೋಜನೆಗಳಿಗೆ ಕೊಟ್ಟ ಗುಣಮಟ್ಟದ ಅಂಕಗಳಿಗೂ ಈ ಪರಿಣಾಮಕ್ಕೂ ಸಂಬಂಧವೇ ಕಾಣಲಿಲ್ಲ ಎಂಬುದು ಅವರು ಕಂಡುಕೊಂಡದ್ದು.

ಇದರಿಂದ ಅಂಕಗಳೇ ವ್ಯರ್ಥ ಎಂದು ನಾನು ತೀರ್ಮಾನಿಸುವುದಿಲ್ಲ. ಒಟ್ಟು ಅಂಕ ಎಂಬುದು ಹತ್ತಾರು ಬೇರೆ ಬೇರೆ ಸಂಗತಿಗಳ ಸರಾಸರಿ. ಅದರಲ್ಲಿ ಸಹಾಯವಾಣಿಯ ಚುರುಕುತನವೂ ಇರುತ್ತದೆ, ರಕ್ತದೊತ್ತಡದ ಹಿಡಿತವೂ ಇರುತ್ತದೆ. ನಿಮಗೆ ಬೇಕಾದ ಎರಡು ಮೂರು ಅಳತೆಗಳನ್ನು ಬಿಡಿಸಿ ನೋಡಿದರೆ ಅದೇ ಪಟ್ಟಿ ಉಪಯುಕ್ತವಾಗುತ್ತದೆ. ಜತೆಗೆ ಎರಡು ಎಚ್ಚರಿಕೆಗಳು ಬೇಕು. ವಯಸ್ಸಾದವರು ಮತ್ತು ಕಾಯಿಲೆಯವರು ಹೆಚ್ಚಿರುವ ಯೋಜನೆಯ ಫಲಿತಾಂಶ ಮೇಲ್ನೋಟಕ್ಕೆ ಕಳಪೆಯಾಗಿ ಕಾಣುವುದರಿಂದ, ಸದಸ್ಯರ ಆರೋಗ್ಯಸ್ಥಿತಿಯ ವ್ಯತ್ಯಾಸವನ್ನು ಸರಿದೂಗಿಸಿ ಕೊಟ್ಟ ಅಂಕಿಯನ್ನೇ ಹೋಲಿಸಬೇಕು. ಮತ್ತು ಶೇ 81 ಹಾಗೂ ಶೇ 83ರ ನಡುವೆ ಆಯ್ಕೆ ಮಾಡಲು ಹೋಗಬಾರದು, ಶೇ 60 ಮತ್ತು ಶೇ 80ರ ನಡುವಿನ ಅಂತರ ಕಂಡಾಗ ಕಡೆಗಣಿಸಲೂಬಾರದು.

ಆಯ್ಕೆಗಳು, ಒಂದೊಂದಾಗಿ

ಮೊದಲನೆಯ ಬಗೆ, ಸೀಮಿತ ನೆಟ್‌ವರ್ಕಿನ ಯೋಜನೆ. ಇಲ್ಲಿ ಕುಟುಂಬ ವೈದ್ಯರೊಬ್ಬರು ಬಾಗಿಲಲ್ಲಿರುತ್ತಾರೆ, ಅವರು ಬರೆದುಕೊಟ್ಟರೆ ಮಾತ್ರ ತಜ್ಞರ ಬಳಿ ಹೋಗಬಹುದು, ನೆಟ್‌ವರ್ಕಿನ ಹೊರಗೆ ತುರ್ತು ಚಿಕಿತ್ಸೆಗಲ್ಲದೆ ಹಣ ಸಿಗುವುದಿಲ್ಲ. ಸ್ವಾತಂತ್ರ್ಯ ಕಡಿಮೆ ಎಂಬ ಕಾರಣಕ್ಕೆ ಇದನ್ನು ಮೊದಲೇ ಪಕ್ಕಕ್ಕಿಡುವವರು ಬಹಳ. ಆದರೆ ಮೇಲೆ ಹೇಳಿದ ರಕ್ತದೊತ್ತಡದ ಸಾಧನೆ ನಡೆದದ್ದು ಇಂಥ ವ್ಯವಸ್ಥೆಯಲ್ಲೇ. ಒಬ್ಬ ವೈದ್ಯರ ಬಳಿ ಎಲ್ಲ ದಾಖಲೆ ಇದ್ದಾಗ ಒಂದೇ ಪರೀಕ್ಷೆ ಎರಡು ಬಾರಿ ಆಗುವುದಿಲ್ಲ, ಒಬ್ಬರು ಕೊಟ್ಟ ಔಷಧಕ್ಕೆ ಇನ್ನೊಬ್ಬರ ಔಷಧ ಎದುರಾಗುವುದು ತಪ್ಪುತ್ತದೆ. ದೀರ್ಘಕಾಲದ ಸಾಮಾನ್ಯ ಕಾಯಿಲೆ ಇರುವವರಿಗೆ, ಮಿತ ಬಜೆಟ್ಟಿನ ಕುಟುಂಬಕ್ಕೆ ಇದು ನನ್ನ ಮೊದಲ ಸಲಹೆ, ಆದರೆ ಒಂದು ಷರತ್ತಿನೊಂದಿಗೆ: ಆ ಬಾಗಿಲಲ್ಲಿರುವ ವೈದ್ಯರು ಚೆನ್ನಾಗಿರಬೇಕು, ವಾರದೊಳಗೆ ಸಿಗುವಂತಿರಬೇಕು. ಅಪರೂಪದ ಕಾಯಿಲೆಯವರಿಗೆ ಈ ಬಗೆ ಕಷ್ಟವೇ, ಏಕೆಂದರೆ ಅವರಿಗೆ ಬೇಕಾದ ತಜ್ಞರು ನೆಟ್‌ವರ್ಕಿನ ಹೊರಗಿರುವ ಸಾಧ್ಯತೆಯೇ ಹೆಚ್ಚು.

ಎರಡನೆಯದು ವಿಶಾಲ ನೆಟ್‌ವರ್ಕ್, ತಜ್ಞರನ್ನು ನೇರವಾಗಿ ಕಾಣುವ ಅವಕಾಶ, ಹೊರಗೆ ಹೋದರೂ ಒಂದು ಪಾಲು ಹಣ. ಪ್ರೀಮಿಯಂ ಏರುತ್ತದೆ. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ತೊಂದರೆ ಈಗಾಗಲೇ ಇರುವವರಿಗೆ, ಕುಟುಂಬದಲ್ಲಿ ಅವು ಬಂದಿರುವವರಿಗೆ ಈ ಹೆಚ್ಚುವರಿ ಹಣ ಸಾರ್ಥಕ. ಇದರ ಕೊರತೆ, ಯಾರೂ ಒಟ್ಟಾರೆ ಹೊಣೆ ಹೊರದಿರುವುದು. ಮೂವರು ತಜ್ಞರು, ಮೂರು ಚೀಟಿಗಳು, ನಡುವೆ ಮಾತಿಲ್ಲ. ಈ ಬಗೆಯನ್ನು ಆರಿಸಿದವರು ತಾವೇ ಒಬ್ಬ ಸಾಮಾನ್ಯ ವೈದ್ಯರನ್ನು ಗೊತ್ತು ಮಾಡಿಕೊಂಡು, ಎಲ್ಲ ವರದಿಗಳನ್ನೂ ಅವರಿಗೆ ತೋರಿಸುವ ಪರಿಪಾಠ ಇಟ್ಟುಕೊಳ್ಳಬೇಕು.

ಮೂರನೆಯದು, ಎಲ್ಲಿ ಬೇಕಾದರೂ ಚಿಕಿತ್ಸೆ ಪಡೆದು, ನೀವೇ ಹಣ ಕಟ್ಟಿ, ಬಿಲ್ ಕೊಟ್ಟು ಮರುಪಾವತಿ ಪಡೆಯುವ ಬಗೆ. ವೈದ್ಯರ ಆಯ್ಕೆಯಲ್ಲಿ ಇದಕ್ಕೆ ಸಮನಾದದ್ದಿಲ್ಲ. ಆದರೆ ಕೈಯಲ್ಲಿ ದೊಡ್ಡ ಮೊತ್ತ ಇರುವವರಿಗಷ್ಟೇ ಆ ಸ್ವಾತಂತ್ರ್ಯ ನಿಜವಾದದ್ದು. ಮರುಪಾವತಿಯನ್ನು ‘ವಾಡಿಕೆಯ ದರ’ಕ್ಕೆ ಸೀಮಿತಗೊಳಿಸುವ ಷರತ್ತು ಇದ್ದರೆ, ದುಬಾರಿ ತಜ್ಞರನ್ನು ಆರಿಸಿಕೊಂಡವರು ವ್ಯತ್ಯಾಸವನ್ನು ತಾವೇ ತುಂಬಬೇಕು.

ನಾಲ್ಕನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕಡಿಮೆ ಆದಾಯದವರನ್ನು ಅದು ಹೆಚ್ಚು ಸೆಳೆಯುತ್ತದೆ. ಪ್ರೀಮಿಯಂ ಅಗ್ಗ, ಆದರೆ ಪ್ರತಿ ವರ್ಷ ಒಂದು ದೊಡ್ಡ ಮೊತ್ತದವರೆಗಿನ ಖರ್ಚನ್ನು ಸದಸ್ಯರೇ ಭರಿಸಬೇಕು, ಅದಾದ ಮೇಲಷ್ಟೇ ವಿಮೆ ಬರುತ್ತದೆ. ಇದನ್ನು ಡಿಡಕ್ಟಿಬಲ್ ಎನ್ನುತ್ತಾರೆ. ಹೀಗೆ ಸ್ವಂತ ಕೈಯಿಂದ ಕೊಡಬೇಕಾದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅಮೆರಿಕದ ರ್‍ಯಾಂಡ್ ಸಂಶೋಧನಾ ಸಂಸ್ಥೆ 1982ರವರೆಗೆ ನಡೆಸಿದ ಪ್ರಯೋಗದಲ್ಲಿ ನೋಡಿತು. 2,700ಕ್ಕೂ ಹೆಚ್ಚು ಕುಟುಂಬಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ಯೋಜನೆಗಳಿಗೆ ಹಂಚಲಾಗಿತ್ತು, ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತ, ಕೆಲವರು ಬಹುಪಾಲನ್ನು ತಾವೇ ಕೊಡಬೇಕಿತ್ತು. ಕೈಯಿಂದ ಕೊಡಬೇಕಾದವರು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದರು. ಆದರೆ ಬೇಡದ ಚಿಕಿತ್ಸೆಯನ್ನು ಬಿಟ್ಟು ಬೇಕಾದ್ದನ್ನು ಉಳಿಸಿಕೊಳ್ಳಲಿಲ್ಲ, ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಬಿಟ್ಟರು. ಬಹುಪಾಲು ಜನರ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಡವರಾಗಿದ್ದು ಕಾಯಿಲೆಯೂ ಇದ್ದವರಲ್ಲಿ ಮಾತ್ರ, ಉಚಿತ ಚಿಕಿತ್ಸೆ ಸಿಕ್ಕವರ ರಕ್ತದೊತ್ತಡ ಉಳಿದವರಿಗಿಂತ ಚೆನ್ನಾಗಿ ಹಿಡಿತಕ್ಕೆ ಬಂದಿತ್ತು.

ಆದ್ದರಿಂದ ಈ ಅಗ್ಗದ ಯೋಜನೆ ಯಾರಿಗೆ ಹೊಂದುತ್ತದೆ ಎಂದರೆ, ಇಪ್ಪತ್ತು ಮೂವತ್ತರ ವಯಸ್ಸಿನ, ಕಾಯಿಲೆಗಳಿಲ್ಲದ, ಡಿಡಕ್ಟಿಬಲ್‌ನಷ್ಟು ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿರುವವರಿಗೆ. ತಪಾಸಣೆ ಮತ್ತು ಲಸಿಕೆಗಳು ಡಿಡಕ್ಟಿಬಲ್‌ನಿಂದ ಹೊರಗಿದ್ದರೆ ಇನ್ನೂ ಒಳ್ಳೆಯದು. ತಿಂಗಳು ತಿಂಗಳೂ ಔಷಧ ಬೇಕಾದ, ಉಳಿತಾಯವಿಲ್ಲದ ವ್ಯಕ್ತಿಗೆ ಇದನ್ನು ‘ಕಡಿಮೆ ಬೆಲೆಗೆ ಸಿಗುತ್ತದೆ’ ಎಂದು ಮಾರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಳಿಸಿದ ಪ್ರೀಮಿಯಂ ಹಣದ ಬೆಲೆಯನ್ನು ಅವರು ವೈದ್ಯರ ಬಳಿ ಹೋಗದೆ ಬಿಟ್ಟ ಭೇಟಿಗಳಲ್ಲಿ ತೆರುತ್ತಾರೆ.

ಉದ್ಯೋಗದಾತರು ಕೊಡುವ ಗುಂಪು ವಿಮೆ ಇದ್ದರೆ ಅದನ್ನು ಬಿಡಬೇಡಿ, ಹಳೆಯ ಕಾಯಿಲೆಗಳಿಗೂ ಅದರಲ್ಲಿ ಬೇಗ ರಕ್ಷಣೆ ಸಿಗುವುದು ಸಾಮಾನ್ಯ. ಆದರೆ ಕೆಲಸ ಬಿಟ್ಟ ದಿನ ಏನಾಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಒಂದು ಕಾಯಿಲೆಯನ್ನು ನಡೆಸಿ ನೋಡಿ

ತೀರ್ಮಾನಕ್ಕೆ ಬರಲು ನಾನು ಬಳಸುವ ವಿಧಾನ ಸರಳವಾದದ್ದು. ನಿಮಗೆ ಈಗ ಇರುವ ಅಥವಾ ಬರುವ ಸಾಧ್ಯತೆ ಹೆಚ್ಚಿರುವ ಒಂದು ಕಾಯಿಲೆಯನ್ನು ತೆಗೆದುಕೊಂಡು, ಒಳ್ಳೆಯ ಚಿಕಿತ್ಸೆ ಎಂದರೆ ಅದಕ್ಕೆ ಏನೇನು ಆಗಬೇಕು ಎಂದು ನಿಮ್ಮ ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಂಡರೆ, ವರ್ಷಕ್ಕೆ ಕನಿಷ್ಠ ಎರಡು ಬಾರಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ) ರಕ್ತಪರೀಕ್ಷೆ, ಕಣ್ಣಿನ ಪಾಪೆ ಹಿಗ್ಗಿಸಿ ಒಳಪರದೆಯ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ, ರಕ್ತದೊತ್ತಡ ಮತ್ತು ಕೊಬ್ಬಿನ ಲೆಕ್ಕ, ಆಮೇಲೆ ಪಾದದ ಪರೀಕ್ಷೆ. ಈ ಕೊನೆಯದನ್ನು ಮಾಡುವಾಗ ವೈದ್ಯರು ನಿಮಗೆ ಕಣ್ಣು ಮುಚ್ಚಲು ಹೇಳಿ, ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಕಡೆ ಅದು ಬಾಗುವಷ್ಟು ಒತ್ತಿ, ತಾಗಿದ್ದು ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ನರಗಳು ಜಡವಾಗುತ್ತಿವೆ ಎಂದರ್ಥ, ಮುಂದೆ ಚಪ್ಪಲಿ ಕಚ್ಚಿದ ಗಾಯವೂ ತಿಳಿಯದೆ ಕೊಳೆಯಬಹುದು. ಎರಡೇ ನಿಮಿಷದ, ಖರ್ಚೇ ಇಲ್ಲದ ಈ ಪರೀಕ್ಷೆ ಎಷ್ಟೋ ಮಂದಿಗೆ ವರ್ಷಗಟ್ಟಲೆ ಆಗಿರುವುದೇ ಇಲ್ಲ.

ಹೀಗೆ ಬರೆದುಕೊಂಡ ಹಾಳೆಯನ್ನು ಹಿಡಿದು ಪ್ರತಿ ಯೋಜನೆಯ ಮೂಲಕವೂ ಆ ಕಾಯಿಲೆಯನ್ನು ಹಂತ ಹಂತವಾಗಿ ನಡೆಸಿ ನೋಡಿ. ಹೊರರೋಗಿಯಾಗಿ ಮಾಡಿಸುವ ಈ ಪರೀಕ್ಷೆಗಳಿಗೆ ಯೋಜನೆ ಹಣ ಕೊಡುತ್ತದೆಯೇ, ಅಥವಾ ಆಸ್ಪತ್ರೆಗೆ ದಾಖಲಾದರೆ ಮಾತ್ರವೇ? ಕಣ್ಣಿನ ತಜ್ಞರಿಗೆ ಚೀಟಿ ಯಾರು ಕೊಡಬೇಕು? ಇನ್ಸುಲಿನ್ ಪಟ್ಟಿಯಲ್ಲಿ ಇದೆಯೇ, ನೀವು ಬಳಸುವ ಬಗೆಯೇ ಇದೆಯೇ? ಕಾಲಿನ ಗಾಯಕ್ಕೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಕೊಠಡಿ ಬಾಡಿಗೆಗೆ ಮಿತಿ ಇದೆಯೇ, ಆ ಮಿತಿ ಮೀರಿದರೆ ಇಡೀ ಬಿಲ್ಲನ್ನೇ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆಯೇ? ಈ ಕೊನೆಯ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ, ಪರಿಣಾಮ ದೊಡ್ಡದು. ಉತ್ತರಗಳನ್ನು ಅಕ್ಕಪಕ್ಕ ಬರೆದಾಗ, ಒಟ್ಟು ಮೊತ್ತ ಹೆಚ್ಚಿರುವ ಯೋಜನೆ ಹೊರರೋಗಿ ಪರೀಕ್ಷೆಗೆ ಏನನ್ನೂ ಕೊಡದಿರುವುದು, ಚಿಕ್ಕ ಯೋಜನೆಯೊಂದು ವರ್ಷವಿಡೀ ಜತೆಗಿರುವುದು ನಿಮಗೇ ಕಾಣತೊಡಗುತ್ತದೆ.

ಹೆರಿಗೆಯ ಯೋಚನೆಯಲ್ಲಿರುವ ದಂಪತಿ ಇದೇ ರೀತಿ ಕಾಯುವ ಅವಧಿ, ಗರ್ಭಿಣಿಯ ತಪಾಸಣೆಗಳು, ನವಜಾತ ಶಿಶುವಿನ ತೀವ್ರ ನಿಗಾ ಘಟಕ ನೆಟ್‌ವರ್ಕಿನಲ್ಲಿದೆಯೇ ಎಂಬುದನ್ನು ನೋಡಬೇಕು. ಮಗು ಹುಟ್ಟಿದ ಕ್ಷಣದಿಂದ ರಕ್ಷಣೆ ಇದೆಯೋ, ಕೆಲವು ವಾರ ಕಳೆದ ಮೇಲೋ ಎಂಬುದನ್ನು ವಿಶೇಷವಾಗಿ ಕೇಳಬೇಕು. ವಯಸ್ಸಾದ ತಂದೆತಾಯಿಗೆ ಆರಿಸುವವರು ಮೊದಲು ನೋಡಬೇಕಾದ್ದು ಕೋ-ಪೇ, ಅಂದರೆ ಪ್ರತಿ ಬಿಲ್ಲಿನಲ್ಲೂ ಸದಸ್ಯರು ಕೊಡಬೇಕಾದ ಪಾಲು, ಮತ್ತು ಮನೆಯಲ್ಲೇ ಪಡೆಯುವ ಆರೈಕೆಗೆ ಸಿಗುವ ಹಣ. ಮಾನಸಿಕ ಆರೋಗ್ಯದ ಚಿಕಿತ್ಸೆ ಬೇಕಾದವರು ಪಾಲಿಸಿಯಲ್ಲಿ ಅದರ ಹೆಸರಿರುವುದಕ್ಕೆ ಸಮಾಧಾನಪಡದೆ, ಪಟ್ಟಿಯಲ್ಲಿರುವ ಮನೋವೈದ್ಯರಿಗೆ ಕರೆ ಮಾಡಿ ದಿನಾಂಕ ಕೇಳಲೇಬೇಕು. ಪಟ್ಟಿ ಮತ್ತು ವಾಸ್ತವದ ಅಂತರ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಎಂಬುದು ನಾನು ಕಂಡದ್ದು.

ಈಗಾಗಲೇ ಚಿಕಿತ್ಸೆಯ ನಡುವೆ ಇದ್ದು ಯೋಜನೆ ಬದಲಿಸಲು ಹೊರಟವರು ಇನ್ನೊಂದು ಹೆಜ್ಜೆ ಹೆಚ್ಚು ಜಾಗ್ರತೆ ವಹಿಸಬೇಕು. ನೆದರ್ಲೆಂಡ್ಸ್‌ನಲ್ಲಿ 2006ರ ಕಾನೂನಿನ ನಂತರ ಮೂಲ ವಿಮೆಗೆ ಯಾರನ್ನೂ ಕಾಯಿಲೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ, ಹಾಗಾಗಿ ಅಲ್ಲಿ ಪ್ರತಿ ವರ್ಷದ ಕೊನೆಗೆ ಬದಲಿಸುವುದು ಸುಲಭ. ಇಂಥ ರಕ್ಷಣೆ ಇಲ್ಲದ ಕಡೆ ಹೊಸ ಕಂಪನಿ ಹಳೆಯ ಕಾಯಿಲೆಗೆ ಮತ್ತೆ ಕಾಯುವ ಅವಧಿ ಹಾಕಬಹುದು, ನಿಮ್ಮ ವೈದ್ಯರು ಹೊಸ ನೆಟ್‌ವರ್ಕಿನಲ್ಲಿ ಇಲ್ಲದಿರಬಹುದು. ನಡೆಯುತ್ತಿರುವ ಕೀಮೋಥೆರಪಿ ಅಥವಾ ಡಯಾಲಿಸಿಸ್ ಈಗಿರುವ ಕೇಂದ್ರದಲ್ಲೇ ಎಷ್ಟು ಕಾಲ ಮುಂದುವರಿಯಬಹುದು, ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳನ್ನು ಹೊಸದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಹೊಸ ಕಂಪನಿಗೆ ಬರಹದಲ್ಲಿ ಕಳಿಸಿ. ಏಜೆಂಟರ ಬಾಯಿಮಾತನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ. ಕಂಪನಿಯ ಲಿಖಿತ ಉತ್ತರ ಕೈಗೆ ಬಂದು, ಅದನ್ನು ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ವಿಮಾ ವಿಭಾಗಕ್ಕೆ ತೋರಿಸಿ, ಅವರೂ ಸರಿ ಎಂದ ಮೇಲೆಯೇ ಹಳೆಯ ಪಾಲಿಸಿಯ ನವೀಕರಣವನ್ನು ನಿಲ್ಲಿಸಿ.